ಅತ್ತೆಯವರ ಡಯಾಂಥಸ್‌ಗೆ ನಾನು ಮಾಡಿದ ಕಟಿಂಗ್

"ನಿನ್ನ ಗಿಡದ ಚಿಂತೆ ಬಿಡು! ಇಪ್ಪತ್ತೆರಡು ವರ್ಷ ಕತ್ತರಿ ಹಿಡಿದ ಕೈ ಇದು. ಈ ಬೀದಿಯ ಅರ್ಧ ತಲೆಗಳು ನನ್ನ ಆಡಳಿತದಲ್ಲಿವೆ. ಒಂದು ಹೂವಿನ ಗಿಡ ನೋಡ್ಕೊಳ್ಳೋಕಾಗಲ್ವಾ?"

ನಾನು ಎದೆಯುಬ್ಬಿಸಿ ಹೀಗೆ ಘೋಷಿಸಿದಾಗ ಹೆಂಡತಿ ಸೂಟ್‌ಕೇಸಿನ ಜಿಪ್ ಎಳೆಯುತ್ತಿದ್ದಳು. ಮಂಡಿ ಆಪರೇಷನ್ ಆದ ಅಕ್ಕನ ಮನೆಗೆ ಒಂದು ವಾರ ಹೊರಟಿದ್ದಳು. ಜಿಪ್ ಅರ್ಧಕ್ಕೇ ನಿಂತಿತು.

"ಕತ್ತರಿ ಅಂದ್ರಾ?"

"ಮಾತಿಗೆ ಅಂದೆ ಕಣೇ."

"ಬಾಡಿದ ಹೂವನ್ನ ಉಗುರಲ್ಲಿ ಚಿವುಟಿ. ಎರಡು ದಿನಕ್ಕೊಂದು ಲೋಟ ನೀರು. ಅಷ್ಟೇ! ನಿಮ್ಮ ಕತ್ತರಿ ಅದರ ಹತ್ರ ಸುಳೀಬಾರದು."

ಅದು ನಮ್ಮ ಅತ್ತೆಯವರ ಗಿಡ. ಅವರು ತೀರಿಕೊಂಡು ಆರು ವರ್ಷವಾಯಿತು. ಅವರ ಅಂಗಳದಿಂದ ತಂದ ಡಯಾಂಥಸ್ ಮಾತ್ರ ನಮ್ಮ ಹಿತ್ತಲಿನ ಕಲ್ಲಿನ ಪಾತಿಯಲ್ಲಿ ವರ್ಷ ವರ್ಷವೂ ಅದೇ ಬುಡದಿಂದ ಚಿಗುರುತ್ತದೆ. ಬೂದು ಬಣ್ಣದ ಸಪೂರ ಎಲೆ, ಅಂಚಿಗೆಲ್ಲ ಕಚ್ಚು ಹಾಕಿದಂಥ ಗುಲಾಬಿ ಬಣ್ಣದ ಹೂ, ಹತ್ತಿರ ಹೋದರೆ ಲವಂಗದ ಘಮ. ಮೊದಲ ಹೂ ಬಿಟ್ಟ ದಿನ ಹೆಂಡತಿ ಪಾತಿಯ ಪಕ್ಕ ಕೂತು, "ಅಮ್ಮ ಬಂದ್ಲು" ಎನ್ನುತ್ತಾಳೆ. ಆಗ ನಾನು ತಮಾಷೆ ಮಾಡುವುದಿಲ್ಲ. ನನಗೂ ಅಷ್ಟು ಬುದ್ಧಿಯಿದೆ.

ಅಷ್ಟು ಮಾತ್ರವೇ ಇರುವುದು ಎಂದು ಮರುದಿನವೇ ರುಜುವಾತಾಯಿತು! ಅವತ್ತು ಸಲೂನಿಗೆ ವಾರದ ರಜೆ. ಬಾಡಿದ ಹೂ ಚಿವುಟಲು ಕೂತೆ. ನಾಲ್ಕು ಚಿವುಟುವಷ್ಟರಲ್ಲಿ ಉಗುರು ನೋಯತೊಡಗಿತು. ಒಳಗೆ ಹೋಗಿ ಕತ್ತರಿ, ಬಾಚಣಿಗೆ ಎರಡನ್ನೂ ತಂದೆ. ಬಾಚಣಿಗೆಯಲ್ಲಿ ಗಿಡವನ್ನು ಮೇಲೆತ್ತಿ, ಕಚ್ ಕಚ್ ಎಂದು ಎರಡೇ ಎರಡು ಕಟ್. ಹಿಂದೆ ಸರಿದು, ಒಂದು ಕಣ್ಣು ಮುಚ್ಚಿ ನೋಡಿದೆ. ಎಡಭಾಗ ಸ್ವಲ್ಪ ಗಿಡ್ಡವಾಗಿತ್ತು.

ನಮ್ಮ ವೃತ್ತಿಯಲ್ಲಿ ಇದಕ್ಕೊಂದೇ ಪರಿಹಾರ. ಬಲಭಾಗವನ್ನೂ ಗಿಡ್ಡ ಮಾಡುವುದು. ಮಾಡಿದೆ. ಈಗ ಬಲ ಗಿಡ್ಡ! ಮತ್ತೆ ಎಡ. ಆಮೇಲೆ ನೆತ್ತಿ ಎದ್ದು ಕಂಡಿತು, ನೆತ್ತಿ ಇಳಿಸಿದೆ. ಅಭ್ಯಾಸಬಲದಿಂದ "ಸ್ವಲ್ಪ ತಲೆ ಬಗ್ಗಿಸಿ" ಎಂದೂ ಅಂದುಬಿಟ್ಟೆ! ಕೊನೆಗೆ ಎದ್ದು ನೋಡುತ್ತೇನೆ, ಪಾತಿಯಲ್ಲಿ ಒಂದೇ ಒಂದು ಎಲೆಯಿಲ್ಲ. ನಾಲ್ಕು ಬೋಳು ಕಡ್ಡಿಗಳು ನನ್ನನ್ನೇ ನೋಡುತ್ತಿದ್ದವು.

ಮನುಷ್ಯರ ತಲೆಯಾದರೆ "ಹದಿನೈದು ದಿನದಲ್ಲಿ ಬೆಳೆಯುತ್ತೆ ಬಿಡಿ ಸಾರ್" ಎನ್ನಬಹುದು. ಗಿಡಕ್ಕೆ ಏನು ಹೇಳಲಿ? ಬೇಗ ಚಿಗುರಲಿ ಎಂದು ಒಂದು ಲೋಟದ ಜಾಗದಲ್ಲಿ ಎರಡು ಬಕೆಟ್ ನೀರು ಸುರಿದೆ. ಮರುದಿನ ಬೆಳಿಗ್ಗೆ ಬುಡ ಕಪ್ಪಾಗಿ, ಮುಟ್ಟಿದರೆ ಕೈಗೇ ಬಂತು!

ಆಗಲೇ ಫೋನ್ ಹೊಡೆದುಕೊಳ್ಳಬೇಕೇ?

"ಗಿಡ ಹೇಗಿದೆ?"

"ಫಸ್ಟ್ ಕ್ಲಾಸ್!"

"ಒಂದು ಫೋಟೋ ಕಳಿಸಿ."

ಫೋನ್ ಜಾಲಾಡಿ ಹಳೆಯ ಫೋಟೋ ಒಂದನ್ನು ಕಳಿಸಿದೆ. ಕಳಿಸಿದ ಮೇಲೆ ಕಂಡಿತು, ಮೂಲೆಯಲ್ಲಿ ನೀರಿನ ಕ್ಯಾನ್ ಹಿಡಿದ ಕೈಯೊಂದಿತ್ತು. ಬಳೆ ಸಮೇತ ನನ್ನ ಹೆಂಡತಿಯ ಕೈ! ಐದು ನಿಮಿಷ ಬಿಟ್ಟು ಉತ್ತರ ಬಂತು: "ಸರಿ." ಮದುವೆಯಾದಾಗಿನಿಂದ ಬೈಗುಳ ಎಷ್ಟೋ ಕೇಳಿದ್ದೇನೆ, ಆ 'ಸರಿ'ಗೆ ಹೆದರಿದಷ್ಟು ಯಾವುದಕ್ಕೂ ಹೆದರಿಲ್ಲ. ಬೈದರೆ ತಡೆದುಕೊಳ್ಳಬಲ್ಲೆ. ಅವಳು ಖಾಲಿ ಪಾತಿಯ ಪಕ್ಕ ಸುಮ್ಮನೆ ಕೂತುಬಿಟ್ಟರೆ ನಾನು ಎಲ್ಲಿ ಮುಖ ಮುಚ್ಚಿಕೊಳ್ಳಲಿ?

ಸಲೂನಿನ ಬಾಗಿಲು ಹಾಕಿ ನರ್ಸರಿಗೆ ಓಡಿದೆ. ಅಲ್ಲಿದ್ದ ಡಯಾಂಥಸ್‌ಗಳಿಗೆಲ್ಲ ಮೂಗು ಹಚ್ಚಿದೆ. ಬಣ್ಣವಿತ್ತು, ವಾಸನೆಯಿಲ್ಲ. ನರ್ಸರಿಯವನು, "ವಾಸನೆ ಬೇಕಂದ್ರೆ ಬೀದಿ ಕೊನೇಲಿ ಟೀಚರ್ ಮನೇಲಿದೆ ನೋಡಿ" ಎಂದ.

ಟೀಚರ್! ಮೂರನೇ ಕ್ಲಾಸಿನಲ್ಲಿ ನನಗೆ ಮಗ್ಗಿ ಕಲಿಸಲು ಹೋಗಿ ಸೋತವರು. ನಿವೃತ್ತರಾಗಿ ಯಾವ ಕಾಲವಾಯಿತೋ, ಇವತ್ತಿಗೂ ಅವರ ಮುಂದೆ ನನ್ನ ಕೈ ತಾನಾಗಿ ಕಟ್ಟಿಕೊಳ್ಳುತ್ತದೆ. ಅವರ ಕಿಟಕಿಯ ಕೆಳಗೆ ಕುಂಡದಲ್ಲಿ ಅದೇ ಎಲೆ, ಅದೇ ಹೂ, ಅದೇ ಘಮ.

"ಎಷ್ಟು ಕತ್ತರಿಸಿದೆ?" ಬಾಗಿಲು ತೆಗೆದವರು ಕೇಳಿದ ಮೊದಲ ಪ್ರಶ್ನೆಯೇ ಅದು! ಅವರಿಗೆ ಹೇಗೆ ಗೊತ್ತಾಯಿತು ಎಂದು ಯೋಚಿಸುವ ಸ್ಥಿತಿಯಲ್ಲಿ ನಾನಿರಲಿಲ್ಲ.

"ಸ್ವಲ್ಪ, ಟೀಚರ್."

"ಸುಳ್ಳು ಹೇಳಬೇಡ."

"ಪೂರ್ತಿ, ಟೀಚರ್."

"ಅವಳಿಗೆ ನಿಜ ಹೇಳ್ತೀಯಾ?"

"ಹೇಳ್ತೀನಿ ಟೀಚರ್" ಎಂದು, ಹೇಳುವ ಉದ್ದೇಶ ಎಳ್ಳಷ್ಟೂ ಇಲ್ಲದೆ, ಕುಂಡ ಎತ್ತಿಕೊಂಡು ಬಂದೆ. ಪಾತಿಯ ಕೊಳೆತ ಬುಡ ಕಿತ್ತು, ಒಣ ಮಣ್ಣು ತುಂಬಿ ಇದನ್ನು ನೆಟ್ಟೆ. ನಾಲ್ಕು ದಿನ ಕೈ ಹಿಂದೆ ಕಟ್ಟಿಕೊಂಡೇ ಹಿತ್ತಲಲ್ಲಿ ಓಡಾಡಿದೆ.

ಹೆಂಡತಿ ಬಂದಳು. ಚಪ್ಪಲಿಯನ್ನೂ ಬಿಡದೆ ನೇರ ಹಿತ್ತಲಿಗೆ ನಡೆದಳು. ಬಗ್ಗಿದಳು. ಮೂಸಿದಳು. ಪಾತಿಯ ಪಕ್ಕ ಕೂತಳು. ಅವಳು ಕಣ್ಣೊರೆಸಿಕೊಂಡದ್ದು ಕಂಡೊಡನೆ ನನ್ನ ಧೈರ್ಯವೆಲ್ಲ ಸೋರಿಹೋಯಿತು.

"ಇದು ಅದಲ್ಲ ಕಣೇ! ನಿಮ್ಮಮ್ಮನ ಗಿಡ ನಾನು ಸಾಯಿಸಿಬಿಟ್ಟೆ. ಕತ್ತರಿ ಹಾಕಿದೆ. ಇದು ಟೀಚರ್ ಮನೇದು. ತಪ್ಪಾಯ್ತು."

ಅವಳು ತಿರುಗಿ ನೋಡಿದಳು. "ಇದೂ ಅಮ್ಮಂದೇ ರೀ. ಹೋದ ವರ್ಷ ಆ ಗಿಡದ ಕುಡಿ ಮುರಿದು, ಬೇರು ಬರಿಸಿ ಟೀಚರ್ ಹತ್ರ ಇಟ್ಟಿದ್ದೆ. ಒಂದು ವಾರದೊಳಗೆ ನೀವು ಬರ್ತೀರಿ ಅಂತ ಈ ಸಲ ಊರಿಗೆ ಹೋಗುವಾಗಲೇ ಅವರಿಗೆ ಹೇಳಿ ಹೋಗಿದ್ದೆ. ಎರಡೇ ದಿನಕ್ಕೆ ಬರ್ತೀರಿ ಅಂತ ಮಾತ್ರ ಅಂದ್ಕೊಂಡಿರಲಿಲ್ಲ!"

ನಾನು ಪಾತಿಯ ಕಲ್ಲಿನ ಮೇಲೆ ಕೂತೆ. "ಹೋದ ವರ್ಷವೇ? ನನ್ನ ಮೇಲೆ ಅಷ್ಟು ಅಪನಂಬಿಕೆಯೇನೇ?"

"ನಿಮ್ಮೊಬ್ಬರ ಮೇಲಲ್ಲ. ನಮ್ಮಪ್ಪ ಇದನ್ನ ಮೂರು ಸಲ ಸಾಯಿಸಿದ್ರು. ಗಂಡಸರಿರೋ ಮನೇಲಿ ಈ ಗಿಡ ಒಂದೇ ಕಡೆ ಇಡಬೇಡ ಅಂತ ಅಮ್ಮನೇ ಹೇಳಿಕೊಟ್ಟಿದ್ಲು."

"ಹಾಗಾದ್ರೆ ಇನ್ನೂ ಎಲ್ಲಾದ್ರೂ ಇಟ್ಟಿದೀಯಾ?"

"ಎರಡು ಕಡೆ."

"ಎಲ್ಲಿ?"

"ಅದು ನಮ್ಮ ಮಗಳಿಗೆ ಮಾತ್ರ ಗೊತ್ತು. ಅಳಿಯಂದ್ರಿಗೂ ಹೇಳಬೇಡ ಅಂದಿದೀನಿ!"