ಮಾಳಮ್ಮನ ಹಾಲಿಗೆ ಗುರ್ರೆಂದ ಕಂಪ್ಯೂಟರ್

ಹುಣಸೇಕೊಪ್ಪದ ಹಾಲಿನ ಡೈರಿಯ ಕಂಪ್ಯೂಟರ್ ಗುರ್ರ್ ಎನ್ನಲು ಶುರುಮಾಡಿ ಹದಿನೈದು ದಿನವಾಗಿತ್ತು. ಉಳಿದ ಹೊತ್ತೆಲ್ಲ ಸಾಧುವಿನಂತೆ ಇರುವುದು; ಹಾಲು ಅಳೆಯುವಾಗ, ಅದೂ ಎಲ್ಲರಿಗಲ್ಲ, ಯಾರೋ ಒಬ್ಬಿಬ್ಬರಿಗೆ ಮಾತ್ರ, ಮೂಳೆ ಕಚ್ಚಿಕೊಂಡ ನಾಯಿಯ ಹಾಗೆ ಗುರ್ರ್ ಎನ್ನುವುದು. ಸೆಕ್ರೆಟರಿ ನಾಗೇಶ ಮೊದಮೊದಲು ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ಶಿಕಾರಿಪುರದಿಂದ ಸೊರಬಕ್ಕೆ ಹೋಗುವ ದಾರಿಯ ಆ ಊರಿನಲ್ಲಿ ಟಿಲ್ಲರ್ ಗುರ್ರ್ ಎನ್ನುತ್ತದೆ, ಹಿಟ್ಟಿನ ಗಿರಣಿ ಗುರ್ರ್ ಎನ್ನುತ್ತದೆ, ಡೈರಿಯ ಅಧ್ಯಕ್ಷರಾದ ಆನಂದಪ್ಪನವರೂ ಗುರ್ರ್ ಎನ್ನುತ್ತಾರೆ. ಕಂಪ್ಯೂಟರಿಗೆ ಮಾತ್ರ ಬೇರೆ ಕಾನೂನೇ ಎಂದುಕೊಂಡು ಸುಮ್ಮನಿದ್ದ.

ಕೆಡಿಸಿದವನು ಕರಿಯಣ್ಣ. ಅವನ ಸರದಿಯಲ್ಲಿ ಒಮ್ಮೆ ಗುರ್ರ್ ಎಂದದ್ದೇ ತಡ, ಬೆಚ್ಚಿಬಿದ್ದು, ಯಾರೂ ಕೇಳದಿದ್ದರೂ, "ತಪ್ಪಾತು ಕಣ್ರಪ್ಪಾ, ಇವತ್ತೊಂದಿನ ನೀರು ಹಾಕೀನಿ!" ಎಂದು ಎರಡೂ ಕೆನ್ನೆಗೆ ಬಡಿದುಕೊಂಡುಬಿಟ್ಟ. ಆಮೇಲೆ ಇನ್ನಿಬ್ಬರಿಗೆ ಗುರ್ರ್ ಎಂದಾಗ ಅವರು ಬಾಯಿ ಬಿಡಲಿಲ್ಲ. ಕ್ಯಾನು ಎತ್ತಿಕೊಂಡು ತಲೆ ತಗ್ಗಿಸಿ ನಡೆದರು. ಅಷ್ಟು ಸಾಕಾಯಿತು. ಕಂಪ್ಯೂಟರ್ ನೀರು ಹಿಡಿಯುತ್ತದೆ ಎಂದು ಊರೆಲ್ಲ ಗುಲ್ಲಾಯಿತು. ಹಾಲಿನ ಕೊಬ್ಬು, ಗಟ್ಟಿತನ ಹೇಳಲು ಪರದೆಯ ಮೇಲೆ ಬರುವ ಫ್ಯಾಟು, ಡಿಗ್ರಿಗಳ ನಂಬರು ಅರ್ಧ ಊರಿಗೆ ಅರ್ಥವಾಗುತ್ತಿರಲಿಲ್ಲ. ಗುರ್ರ್ ಎಲ್ಲರಿಗೂ ಅರ್ಥವಾಯಿತು. ಅಲ್ಲಿಂದಾಚೆ ಡೈರಿಯ ಹಾಲು ಹಿಂದೆಂದೂ ಇಲ್ಲದಷ್ಟು ಗಟ್ಟಿಯಾಗಿ, ಮೇಲಿನವರು ಫೋನು ಮಾಡಿ ಹೊಗಳಿದರು. ಹೊಗಳಿಕೆಯನ್ನೆಲ್ಲ ಆನಂದಪ್ಪನವರು ತಾವೇ ಇಟ್ಟುಕೊಂಡರು.

ಈ ದಿನ ಬೆಳಿಗ್ಗೆ ಅದು ಗುರ್ರ್ ಎಂದದ್ದು ಮಾಳಮ್ಮನಿಗೆ. ಮಾಳಮ್ಮ ಎಂದರೆ ನಾಗೇಶನ ಹೆಂಡತಿಯ ತಾಯಿ. ಅದೇ ಊರು, ಎರಡು ಓಣಿ ಆಚೆ ಮನೆ. ಯಾರ ಮನೆಯಲ್ಲಿ ಮದುವೆಯಾದರೂ ಪಾಯಸಕ್ಕೆ ಮಾಳಮ್ಮನ ಎಮ್ಮೆ ಹಾಲೇ ಆಗಬೇಕು, ಅಂಥ ಹೆಸರು.

"ಏಯ್, ಮಾಳಮ್ಮಕ್ಕನಿಗೂ ಗುರ್ರ್ ಅಂತಲ್ರೋ!" ಎಂದು ಸಾಲಿನ ಹಿಂದಿನಿಂದ ಕರಿಯಣ್ಣ ಕೂಗಿದ. ಇಷ್ಟು ದಿನ ಬಾಯಿಬಿಟ್ಟ ಕಳ್ಳ ತಾನೊಬ್ಬನೇ ಆಗಿದ್ದು ಅವನಿಗೆ ಸಾಕಾಗಿತ್ತು.

ಮಾಳಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ನನ್ನ ಹಾಲಿಗೆ ನೀರು ಅಂದೋರ ನಾಲಿಗೆ ಸೇದಿಹೋಗ್ಲಿ! ಅಳಿಯಂದ್ರೆ, ನಿಮ್ಮ ಡಬ್ಬಿ ಹತ್ತು ಜನದ ಮುಂದೆ ನನ್ನ ಮಾನ ಕಳೀತು. ಸಂಜೆಯೊಳಗೆ ಅದೇ ಹತ್ತು ಜನದ ಮುಂದೆ ನನ್ನ ಹಾಲು ಚೊಕ್ಕ ಅಂತ ತೋರಿಸ್ರಿ. ಇಲ್ಲಾಂದ್ರೆ ಇವತ್ತಿಗೇ ಸರಿ, ನಿಮ್ಮ ಮನೆ ಹೊಸ್ತಿಲು ತುಳಿಯಲ್ಲ!"

ಇದರಲ್ಲಿ ಹೆದರುವಂಥದ್ದೇನಿದೆ ಎಂದು ನಾಗೇಶನಿಗೆ ಒಂದು ಕ್ಷಣ ಅನ್ನಿಸಿದ್ದು ನಿಜ. ಅಷ್ಟರಲ್ಲಿ ಆನಂದಪ್ಪನವರು, "ನೋಡ್ರೀ ನಾಗೇಶ್, ಅತ್ತೆ ಅಂತ ಮುಚ್ಚಿಹಾಕೋ ಹಂಗಿಲ್ಲ ಮತ್ತೆ" ಎಂದು ಗಂಟಲು ಸರಿಮಾಡಿಕೊಂಡರು. ಆ ಮಾತು ನಾಗೇಶನಿಗೆ ಚುರ್ ಎಂದಿತು.

"ನಮ್ಮತ್ತೆ ಹಾಲಲ್ಲಿ ಒಂದು ತೊಟ್ಟು ನೀರಿದ್ರೂ ನಾನು ಈ ಸೆಕ್ರೆಟರಿ ಕೆಲಸಾನೇ ಬಿಡ್ತೀನ್ರೀ! ಎಲ್ರೂ ಕೇಳಿಸ್ಕೊಳ್ರಿ!" ಎಂದು ಮೀಸೆಯ ಮೇಲೆ ಕೈ ಹಾಕಿದ. ಹೇಳಿದ ಮೇಲೆ ಇಷ್ಟು ಜೋರಾಗಿ ಹೇಳಬಾರದಿತ್ತು ಎನ್ನಿಸಿತು.

ಮನೆಗೆ ಹೋದರೆ ಒಲೆಯ ಮೇಲೆ ರೊಟ್ಟಿ ಉಬ್ಬುತ್ತಿತ್ತು. ಹೆಂಡತಿ ಮಮತಾ ತಟ್ಟೆ ಇಡಲಿಲ್ಲ.

"ಹಸಿವಾಗೈತೆ ಕಣೇ."

"ನಮ್ಮವ್ವಗೂ ಆಗೈತೆ. ಬೆಳಗ್ಗಿಂದ ಅಳ್ತಾ ಕೂತಾಳೆ. ಮೊದ್ಲು ಆ ಗುರ್ರ್ ನಿಲ್ಸ್ರೀ, ಆಮೇಲೆ ರೊಟ್ಟಿ."

ನಾಗೇಶ ಖಾಲಿ ಹೊಟ್ಟೆಯಲ್ಲೇ ಡೈರಿಗೆ ವಾಪಸಾದ. ಅಲ್ಲಿ ಸಲಹೆ ಕೊಡುವವರು ಹಾಲು ಹಾಕುವವರಿಗಿಂತ ಹೆಚ್ಚಾಗಿದ್ದರು. ಒಳಗೆ ಇಲಿ ಮರಿ ಹಾಕಿದೆ ಎಂದು ಒಬ್ಬರು, ಜೇನು ಕಟ್ಟಿದೆ ಎಂದು ಇನ್ನೊಬ್ಬರು. ಮಹಾದೇವಮ್ಮ ಎಂಬ ಅಜ್ಜಿ ಮನೆಯಿಂದ ನಿಂಬೆಹಣ್ಣು ತಂದು ಅದಕ್ಕೆ ಮೂರು ಸುತ್ತು ನಿವಾಳಿಸಿ, ಹಣ್ಣು ಹಾಳಾಗಬಾರದೆಂದು ವಾಪಸು ತೆಗೆದುಕೊಂಡು ಹೋದಳು. ಕರಿಯಣ್ಣ ಡಬ್ಬಿಗೆ ಕಿವಿ ಹಚ್ಚಿ ಬಹಳ ಹೊತ್ತು ಕುಳಿತು, "ಉಸಿರಾಡ್ತೈತೆ" ಎಂದ.

ಇವರ ಕೈಯಿಂದ ಬಿಡಿಸಿಕೊಳ್ಳಲೆಂದೇ ನಾಗೇಶ ಸಿಪಿಯು ಅನ್ನು ಕಂಬಳಿಯಲ್ಲಿ ಸುತ್ತಿ, ಬೈಕಿನ ಹಿಂದೆ ಹಗ್ಗದಿಂದ ಬಿಗಿದು ಶಿಕಾರಿಪುರಕ್ಕೆ ಹೊರಟ. ಗುಂಡಿ ಬಂದಲ್ಲೆಲ್ಲ ಒಂದು ಕೈ ಹಿಂದೆ ಹಾಕಿ ಅದನ್ನು ಹಿಡಿದುಕೊಳ್ಳುತ್ತಿದ್ದ. ಬಳ್ಳಿಗಾವಿಯ ಹತ್ತಿರ ಕುರಿ ಹೊಡೆದುಕೊಂಡು ಹೋಗುತ್ತಿದ್ದ ದೊಡ್ಡಬೀರಪ್ಪ, "ಏನಪ್ಪಾ ನಾಗೇಶಿ, ಯಾರಿಗೆ ಹುಷಾರಿಲ್ಲ?" ಎಂದು ಗಾಬರಿಯಿಂದ ಕೇಳಿದ. "ಡೈರಿ ಕಂಪ್ಯೂಟರಿಗೆ" ಎಂದರೆ, "ಅಯ್ಯೋ ಪಾಪ, ಬಿಸಿಲಿಗೆ ಹಿಡೀಬ್ಯಾಡ" ಎಂದ.

ಶಿಕಾರಿಪುರದ ರಿಪೇರಿ ಅಂಗಡಿಯ ಸಂಗಮೇಶ ಅದನ್ನು ಮೇಜಿನ ಮೇಲೆ ಅಡ್ಡ ಮಲಗಿಸಿ, ಧೂಳು ಊದಿ, ಚಾಲೂ ಮಾಡಿದ. ಅದು ಚಕಾರ ಎತ್ತಲಿಲ್ಲ. ಅರ್ಧ ತಾಸು ಕಾದರೂ ಎತ್ತಲಿಲ್ಲ.

"ಚೆನ್ನಾಗೈತಲ್ರೀ ಇದು?"

"ಇಲ್ಲಿ ಸುಮ್ನಿರ್ತೈತ್ರೀ. ನಮ್ಮೂರಲ್ಲಿ ಗುರ್ರ್ ಅಂತೈತೆ."

"ಯಾವಾಗ ಅಂತೈತೆ?"

"ನೀರು ಹಾಕಿದ ಹಾಲು ಕಂಡಾಗ" ಎಂದು ನಾಗೇಶ ಬಾಯಿತಪ್ಪಿ ಹೇಳಿಬಿಟ್ಟ.

ಸಂಗಮೇಶ ಕಂಪ್ಯೂಟರನ್ನು ಬಿಟ್ಟು ನಾಗೇಶನನ್ನು ಮೇಲಿಂದ ಕೆಳಗೆ ನೋಡಿದ. "ಅಣ್ಣಾರೆ, ಬೆಳಿಗ್ಗೆ ತಿಂಡಿ ಆತಾ?"

"ಇಲ್ರೀ."

"ಅದ್ಕೇ. ಮೊದ್ಲು ಏನಾದ್ರೂ ತಿನ್ರಿ" ಎಂದು ಮೃದುವಾಗಿ ಹೇಳಿ ಸಿಪಿಯು ಅನ್ನು ಕಂಬಳಿ ಸಮೇತ ಕೈಗಿತ್ತ.

ನಾಗೇಶ ಡೈರಿಗೆ ಮರಳಿದಾಗ ಮಧ್ಯಾಹ್ನ ಎರಡು ಗಂಟೆ. ಪುಣ್ಯಕ್ಕೆ ಯಾರೂ ಇರಲಿಲ್ಲ. ಬಾಗಿಲು ಹಾಕಿಕೊಂಡು, ಡಬ್ಬಿಯ ಪಕ್ಕದ ಮುಚ್ಚಳ ಬಿಚ್ಚಿ, ಡಬ್ಬಿಯನ್ನು ಅದರ ಹಳೇ ಮೇಜಿನ ಮೇಲಿಟ್ಟು ಎದುರಿಗೆ ಕುಳಿತ. ಅದರ ಮುಂದೆ ಹಾಲು ಹಿಡಿದ. ಹಾಲಿಗೆ ಅದು ನೋಡುವಂತೆ ನೀರು ಸುರಿದ. ಬೈದ. ಕೊನೆಗೆ, "ನಿಂಗೆ ಕೈ ಮುಗೀತೀನಿ, ಒಂದ್ಸಲ ಗುರ್ರ್ ಅನ್ನೋ ಮಾರಾಯಾ" ಎಂದು ಬೇಡಿಕೊಂಡ. ಏನು ಮಾಡಿದರೂ ಕಂಪ್ಯೂಟರ್ ಜಪ್ಪಯ್ಯ ಎನ್ನಲಿಲ್ಲ.

ಸೋತು, ಹಸಿವಿನಿಂದ ತಲೆ ಸುತ್ತಿ, ಮೇಜಿನ ಅಂಚಿಗೆ ಎರಡೂ ಕೈಯೂರಿ ಎದ್ದ.

ಗುರ್ರ್!

ನಾಗೇಶ ಗಕ್ಕನೆ ನಿಂತ. ನನ್ನಲ್ಲೂ ನೀರಿದೆಯೇ ಎಂಬುದೇ ಅವನಿಗೆ ಮೊದಲು ಹೊಳೆದದ್ದು. ಕೈ ತೆಗೆದ, ಸದ್ದು ನಿಂತಿತು. ಕೈಯೂರಿದ, ಗುರ್ರ್. ಬಗ್ಗಿ ನೋಡಿದ. ಮೇಜಿನ ಮುಂದಿನ ಕಾಲೊಂದು ಗೆದ್ದಲು ತಿಂದು ಗಿಡ್ಡವಾಗಿತ್ತು. ಅಂಚನ್ನು ಒತ್ತಿದರೆ ಮೇಜು ವಾಲುವುದು, ಮೇಜಿನ ಜೊತೆ ಡಬ್ಬಿ ವಾಲುವುದು, ಡಬ್ಬಿಯೊಳಗೆ ಸಡಿಲವಾಗಿದ್ದ ಒಂದು ಕೆಂಪು ವಯರು ಜೋತುಬಿದ್ದು ತಿರುಗುವ ಫ್ಯಾನಿಗೆ ತಗಲುವುದು. ಇಲಿಯಿಲ್ಲ, ಜೇನಿಲ್ಲ, ಸತ್ಯವಂತ ದೇವರೂ ಇಲ್ಲ. ಹೊರಗೋಡೆಯ ಮೇಲೆ ನಂಬರು ತೋರಿಸುವ ಸಣ್ಣ ಬೋರ್ಡು ಕೆಟ್ಟು ಹದಿನೈದು ದಿನವಾಗಿತ್ತು. ಅಂದಿನಿಂದ ನಂಬರು ನೋಡಬೇಕೆಂದವರು ಮೇಜಿಗೆ ಕೈಯೂರಿ ಒಳಗೆ ಬಗ್ಗಬೇಕಿತ್ತು. ಅತ್ತೆ ಬಗ್ಗಿದ್ದಳು, ಅಷ್ಟೇ!

ಹಿಂಡಿ ಚೀಲದ ದಾರದಿಂದ ವಯರನ್ನು ಬಿಗಿಯಾಗಿ ಕಟ್ಟಿದ. ಮೇಜಿನ ಮೇಲೆ ಕೈಯೂರಿದ, ಮೊಣಕೈಯೂರಿದ, ಹತ್ತಿ ಕುಳಿತ. ಸದ್ದಿಲ್ಲ. ಖುಷಿಗೆ ಒಬ್ಬನೇ ಕುಣಿದ. ಕುಣಿಯುತ್ತಲೇ ಚಹದಂಗಡಿಗೆ ಓಡಿ, ಅಲ್ಲಿದ್ದ ಕರಿಯಣ್ಣನನ್ನು ತಬ್ಬಿಕೊಂಡು ಎಲ್ಲ ಹೇಳಿಬಿಟ್ಟ. ಕರಿಯಣ್ಣನಿಗೆ ಹೇಳಿದ ಮೇಲೆ ಡಂಗುರ ಬೇಕಿಲ್ಲ. ನಾಲ್ಕು ಗಂಟೆಯೊಳಗೆ ಊರಿನ ಮನೆಮನೆಗೂ, ಗುರ್ರ್ ಎನ್ನುವುದು ಮೇಜಿನ ದೋಷ, ಹಾಲಿಗೂ ಅದಕ್ಕೂ ಸಂಬಂಧವಿಲ್ಲ ಎಂದು ತಿಳಿದುಹೋಯಿತು.

ಸಂಜೆ ಡೈರಿಯ ಮುಂದೆ ಕಾಲಿಡಲು ಜಾಗವಿಲ್ಲ. ನಾಗೇಶ ದಾರ ಬಿಚ್ಚಿ, ಆನಂದಪ್ಪನವರ ಕೈಯಿಂದಲೇ ಮೇಜು ಒತ್ತಿಸಿದ. ಗುರ್ರ್ ಎಂದಿತು. ಅಧ್ಯಕ್ಷರು ಹೌಹಾರಿ, "ನಾನು ಹಾಲೇ ತಂದಿಲ್ಲ ಕಣ್ರೀ!" ಎಂದರು. ಜನ ಹೋ ಎಂದು ನಕ್ಕರು. ಮತ್ತೆ ದಾರ ಕಟ್ಟಿ ಒತ್ತಿಸಿದರೆ ಮೌನ.

"ಬರ್ರಿ ಅತ್ತೆ, ಹಾಲು ಹಾಕ್ರಿ" ಎಂದು ನಾಗೇಶ ರಾಜನ ಗತ್ತಿನಲ್ಲಿ ಕರೆದ.

ಮಾಳಮ್ಮ ಬಂದಳು, ಸುರಿದಳು, ಮೇಜು ಹಿಡಿದು ಬಗ್ಗಿದಳು. ಸದ್ದಿಲ್ಲ. ಫ್ಯಾಟು, ಡಿಗ್ರಿ ಎರಡೂ ಸರಿಯಾಗಿ ಬಂದವು.

"ಮಾಳಮ್ಮನ ಹಾಲು ಚೊಕ್ಕ!" ಎಂದು ಆನಂದಪ್ಪನವರು ಸಾರಿದರು. ಚಪ್ಪಾಳೆಯೋ ಚಪ್ಪಾಳೆ. "ಹಂಗಾದ್ರೆ ನಾನು ಕೆನ್ನೆ ಬಡ್ಕೊಂಡಿದ್ದು ದಂಡ ಆತಲ್ರೋ!" ಎಂದು ಕರಿಯಣ್ಣ ಕೂಗಾಡುತ್ತಿದ್ದರೂ ಯಾರೂ ಕೇಳಲಿಲ್ಲ. ನಾಲ್ಕು ಜನ ಸೇರಿ ನಾಗೇಶನನ್ನು ಎತ್ತಿಯೇ ಬಿಟ್ಟರು. ಮಮತಾ ಬುತ್ತಿ ತಂದಳು. ರೊಟ್ಟಿ, ಎಣ್ಣೆಗಾಯಿ, ಮೇಲೆ ಬೆಣ್ಣೆ. "ನಮ್ಮನೆಯವ್ರು ಅಂದ್ರೆ ಏನಂದ್ಕೊಂಡೀರಿ!" ಎಂದು ಎಲ್ಲರಿಗೂ ಕೇಳುವಂತೆ ಹೇಳಿ, ತನ್ನ ಕ್ಯಾನು ಹಿಡಿದು ಸಾಲಿಗೆ ಹೋದಳು. ನಾಗೇಶ ಅಳತೆಯ ಕೆಲಸವನ್ನು ಆನಂದಪ್ಪನವರಿಗೆ ಬಿಟ್ಟು ಹೊರಗಿನ ಕಟ್ಟೆಯ ಮೇಲೆ ಊಟಕ್ಕೆ ಕುಳಿತ. ಹುಟ್ಟಿದ ಮೇಲೆ ಇಷ್ಟು ಸುಖ ಅವನು ಕಂಡಿರಲಿಲ್ಲ.

ಮಾಳಮ್ಮ ಬಂದು ಪಕ್ಕದಲ್ಲಿ ಕುಳಿತಳು. ಕಣ್ಣು ತುಂಬಿ ಬಂದಿತ್ತು. "ನನ್ನ ಮಾನ ಉಳಿಸಿದ್ರಿ ಅಳಿಯಂದ್ರೆ. ನಿಮ್ಮ ಹತ್ರ ಮುಚ್ಚುಮರೆ ಯಾಕೆ? ಆ ಡಬ್ಬಿಗೆ ಬೆಳಿಗ್ಗೆ ಹೆಂಗೆ ಗೊತ್ತಾತು ಅಂತ ನನಗಿನ್ನೂ ತಿಳೀವಲ್ದು."

"ಏನು ಗೊತ್ತಾಗಿದ್ದು?"

ಮಾಳಮ್ಮ ದನಿ ತಗ್ಗಿಸಿದಳು. "ಒಂದು ಚೊಂಬು ನೀರು ಹಾಕಿದ್ದು."

ಯಾರಾದರೂ ಕೇಳಿಸಿಕೊಂಡರೇ ಎಂದು ನಾಗೇಶ ಸುತ್ತ ನೋಡಿದ.

"ಎಮ್ಮೆ ಹಾಲು ಬಲು ಗಟ್ಟಿ, ನಂಬರು ಇಳಿಯಲ್ಲ ಅಂತ ನನಗ್ಗೊತ್ತು. ಆದ್ರೂ ಎದೆ ಡವಡವ ಅಂತಿತ್ತು. ಅದ್ಕೇ ಮೇಜು ಹಿಡ್ದು ಬಗ್ಗಿ ನೋಡ್ದೆ. ಚೊಕ್ಕ ಹಾಲು ತಂದೋರು ನಂಬರು ಯಾಕೆ ನೋಡ್ತಾರೆ ಹೇಳ್ರಿ? ಸುರುವಿ ಹೋಗ್ತಿರ್ತಾರೆ. ಈಗ ನೀವು ಇಷ್ಟು ಧೈರ್ಯ ಕೊಟ್ಟ ಮೇಲೆ, ಎರಡು ಚೊಂಬು ಹಾಕ್ಕೊಂಡು ಬಂದೆ."

ಬೆಳಿಗ್ಗೆ ಮೀಸೆಯ ಮೇಲೆ ಹಾಕಿದ್ದ ಕೈ ಈಗ ರೊಟ್ಟಿಯನ್ನು ಬುತ್ತಿಗೆ ವಾಪಸಿಟ್ಟಿತು. ನಾಗೇಶ ಮೆಲ್ಲಗೆ ಡೈರಿಯ ಕಡೆ ತಿರುಗಿದ. ಒಳಗೆ ಒಬ್ಬೊಬ್ಬರೇ ಹಾಲು ಸುರಿಯುತ್ತಿದ್ದರು. ಸುರಿದವರೆಲ್ಲ ಮೇಜಿಗೆ ಕೈಯೂರಿ, ಕುತ್ತಿಗೆ ಉದ್ದ ಮಾಡಿ, ನಂಬರು ನೋಡುತ್ತಿದ್ದರು. ಕರಿಯಣ್ಣ ನೋಡಿದ, ನಿಂಬೆಹಣ್ಣಿನ ಮಹಾದೇವಮ್ಮ ನೋಡಿದಳು. ಆಮೇಲೆ ಮಮತಾಳ ಸರದಿ ಬಂತು. ಕ್ಯಾನು ಬರಿದು ಮಾಡಿ, ಸೆರಗು ಸರಿಪಡಿಸಿಕೊಂಡು, ಎರಡೂ ಕೈಯಿಂದ ಮೇಜನ್ನು ಗಟ್ಟಿಯಾಗಿ ಹಿಡಿದು, ಎಲ್ಲರಿಗಿಂತ ಹೆಚ್ಚು ಬಗ್ಗಿದಳು.

ಕಂಪ್ಯೂಟರ್ ತುಟಿಪಿಟಕ್ಕೆನ್ನಲಿಲ್ಲ.