ಶ್ರೀಮತ್ ಕಾಂತರಾಜೇ ಅರಸರ ಬ್ರೇಕ್ ದಿಗ್ವಿಜಯ

ಪೆಟ್ರೋಲಿನ ಬೆಲೆ ನೂರರ ಗಡಿ ದಾಟಿ ಹಿಂದಿರುಗಿ ನೋಡದ, ಬೀದಿಬೀದಿಗೂ ರಸ್ತೆಯುಬ್ಬುಗಳು ಬೆನ್ನೆತ್ತಿ ಮಲಗಿದ, ಹಾಗಿದ್ದರೂ ವೇಗವೆಂಬ ಮಹಾಮೋಹವು ಮನುಷ್ಯಮಾತ್ರರ ಬಲಗಾಲನ್ನು ಬಿಟ್ಟು ತೊಲಗದ ಈ ಕಲಿಯುಗದ ಪ್ರಥಮ ಪಾದದಲ್ಲಿ, ಚಾಮುಂಡಿ ಬೆಟ್ಟದ ತಪ್ಪಲಿನ ಮೈಸೂರೆಂಬ ಮಹಾನಗರಿಯ ನಜರ್‌ಬಾದಿನಲ್ಲಿ ಒಬ್ಬರು ಮಹಾವೀರರಿದ್ದರು. ಎಲೈ ವಾಗ್ದೇವಿಯೇ, ಬಂದು ನನ್ನ ನಾಲಿಗೆಯ ಮೇಲೆ ಕುಳಿತುಕೋ. ಕುಳಿತುಕೊಳ್ಳುವ ಮೊದಲು ಹಳೆಯ ಪೇಪರೊಂದನ್ನು ಹಾಸಿಕೋ ತಾಯಿ, ಇದು ಗ್ರೀಸಿನ ಕಥೆ. ದವಡೆಹಲ್ಲುಗಳ ದಂಡಧರ, ಹುಳುಕುಸಂಹಾರಕ, ಶತಸಹಸ್ರಬಾಯಿವಿಲೋಕನವಿಚಕ್ಷಣ, ದಂತವೈದ್ಯಕುಲತಿಲಕ ಶ್ರೀಮತ್ ಕಾಂತರಾಜೇ ಅರಸರು ತಮ್ಮ ಕಾರಿಗೆ ಹೊಸ ಬ್ರೇಕ್ ಹಾಕಿಸಿದ ಪರಿಯನ್ನು ನಾನು ಹೇಳಲೇಬೇಕಾಗಿದೆ. ಬೇರೆ ಯಾರೂ ಹೇಳುವುದಿಲ್ಲ, ಎಲ್ಲರಿಗೂ ನಗು ಬರುತ್ತದೆ.

ಅರಸರ ಕಾರು ಸಾಮಾನ್ಯವಾದುದಲ್ಲ. ದಾಳಿಂಬೆವರ್ಣದ, ದ್ವಿಮಾತ್ರಾಸನದ, ಭೂಸ್ಪರ್ಶಿಜಠರದ ಆ ಸ್ಪೋರ್ಟ್ಸ್ ಕಾರನ್ನು ಅವರು ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡು ತಂದಂದು ಬೀದಿಯವರೆಲ್ಲ ಗೇಟಿಗೆ ಬಂದು ನಿಂತಿದ್ದರು. ಗಡಿಯಾಚೆ ತಮಿಳುನಾಡಿನಲ್ಲಿ ಒಂದು ರೇಸ್ ಟ್ರ್ಯಾಕ್ ಇದೆ. ವರ್ಷದಲ್ಲಿ ಕೆಲವು ದಿನ ಶುಲ್ಕ ಕಟ್ಟಿದ ಯಾರು ಬೇಕಾದರೂ ಸ್ವಂತ ಕಾರನ್ನು ಅಲ್ಲಿ ಮನಸಾರೆ ಓಡಿಸಬಹುದು. ಕಳೆದ ವರ್ಷ ಅರಸರು ಹೋದರು, ಓಡಿಸಿದರು. ನಾಲ್ಕು ಸುತ್ತು ಸಿಡಿಲಿನ ಹಾಗೆ ಸುತ್ತಿದರು. ಐದನೆಯ ತಿರುವಿನಲ್ಲಿ ಬ್ರೇಕ್ ತುಳಿದರೆ ಪೆಡಲ್ಲು ಹಸಿ ಹಿಟ್ಟಿನಂತೆ ತಳ ಸೇರಿತು, ನಾಲ್ಕು ಚಕ್ರಗಳಿಂದಲೂ ಹೊಗೆ ಎದ್ದಿತು, ಕಾರು ಪಕ್ಕದ ಮರಳಿನೊಳಗೆ ಹೋಗಿ ಮುಳುಗಿ ಕುಳಿತಿತು.

ಅಲ್ಲಿಗೆ ಬಿಟ್ಟಿದ್ದರೆ ಅದು ಬರೀ ಸೋಲು. ಆದರೆ ಅವರನ್ನು ಮರಳಿನಿಂದ ಎಳೆದು ತೆಗೆದದ್ದು ಯಾರು? ಹೆಂಡತಿ ಪ್ರಮೀಳೆಯ ತಮ್ಮ, ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳಿಕೊಡುವ, ಅಂದು ನೋಡಲೆಂದು ಹಿಂದೆಯೇ ಬಂದಿದ್ದ ಜಯದೇವ. ಯಾವುದರಿಂದ? ಸಂತೆಗೆ ಹೋಗಿಬರುವ ತನ್ನ ಪುಟ್ಟ ಬಿಳಿ ಕಾರಿನಿಂದ, ಹಳದಿ ನೈಲಾನ್ ಹಗ್ಗ ಕಟ್ಟಿ. ಅಂದಿನಿಂದ ನಾಮಕರಣವಿರಲಿ, ನಿಶ್ಚಿತಾರ್ಥವಿರಲಿ, ನೆಂಟರಿಷ್ಟರು ಸೇರಿದಲ್ಲೆಲ್ಲ ಜಯದೇವನ ಸ್ವಾಗತವಾಕ್ಯ ಒಂದೇ.

"ಬನ್ನಿ ಹೊಗೆ ಭಾವ, ಊಟಕ್ಕೆ ಕೂತ್ಕೊಳ್ಳಿ. ನಿಮ್ಮ ಎಲೆ ಪಕ್ಕ ಒಂದು ಚೆಂಬು ನೀರು ಜಾಸ್ತಿ ಇಟ್ಟಿದೀವಿ."

ಮನೆಯ ಮಕ್ಕಳೂ ಹೊಗೆ ಮಾವ ಎನ್ನತೊಡಗಿದವು. ಕೊನೆಗೆ ಕ್ಲಿನಿಕ್ಕಿನಲ್ಲಿ ಹಲ್ಲು ಕೀಳಿಸಿಕೊಳ್ಳಲು ಬಂದ ದೂರದ ಸೋದರತ್ತೆಯೊಬ್ಬರು, ಬಾಯಲ್ಲಿ ಹತ್ತಿ ಇಟ್ಟುಕೊಂಡೇ, "ಹೊಗೆ ಅಂತಾರಲ್ಲ, ನೀನೇ ಏನಪ್ಪಾ ಅದು?" ಎಂದು ಕೇಳಿಬಿಟ್ಟರು. ಆ ರಾತ್ರಿ ಅರಸರು ಊಟ ಮಾಡಲಿಲ್ಲ. ನಗಬೇಡಿ, ಐವತ್ತೆರಡು ವರ್ಷ ಕಾಪಾಡಿಕೊಂಡು ಬಂದ ಹೆಸರು ಎರಡಕ್ಷರದಲ್ಲಿ ಹೊರಟುಹೋದರೆ ಯಾರಿಗೆ ತಾನೆ ಹೊಟ್ಟೆ ಉರಿಯುವುದಿಲ್ಲ?

ಆದಕಾರಣ ಜಯದೇವನ ಗೃಹಪ್ರವೇಶದ ದಿನ, ಪಂಕ್ತಿಯ ನಡುವೆ, ಎಡಗೈಯಲ್ಲಿ ಪಂಚೆಯನ್ನೂ ಬಲಗೈಯಲ್ಲಿ ಅರ್ಧ ಹೋಳಿಗೆಯನ್ನೂ ಹಿಡಿದು ಎದ್ದು ನಿಂತ ಆ ರೋಷಾರುಣಲೋಚನರು ಗುಡುಗಿದರು: "ಕೇಳಿರಿ, ತುಪ್ಪಸಿಕ್ತಹಸ್ತರಾದ ಸಕಲ ಬಂಧುಗಳೇ! ಬರುವ ದಸರೆಯ ಮರುಭಾನುವಾರ ಅದೇ ಟ್ರ್ಯಾಕಿನ ಅದೇ ತಿರುವಿನಲ್ಲಿ, ಮದಗಜಗಮನದ ನನ್ನ ರಥವನ್ನು ಗೆರೆ ಕೊಯ್ದಂತೆ ನಿಲ್ಲಿಸುವೆನು! ಧೂಮದ ಒಂದೇ ಒಂದು ಎಳೆ ಎದ್ದರೂ ನಾನು ಕಾಂತರಾಜನಲ್ಲ! ಏಳದಿದ್ದರೆ, ಆ ಹೀನನಾಮವನ್ನುಚ್ಚರಿಸಿದ ನಾಲಿಗೆಗಳೆಲ್ಲ ಅಂದಿಗೇ ಅದನ್ನು ತೊರೆಯತಕ್ಕದ್ದು!"

ಇದು ನಾನು ಹಚ್ಚಿದ ಬಣ್ಣ. ಅವರು ಆಡಿದ್ದು ಇಷ್ಟೇ: "ಲೋ ಜಯದೇವ, ಈ ಸಲ ಬ್ರೇಕ್ ಪೂರ್ತಿ ಹೊಸದು ಹಾಕಿಸ್ತೀನಿ ಕಣೋ. ಹೊಗೆ ಬರ್ಲಿಲ್ಲ ಅಂದ್ರೆ ಆ ಹೆಸರು ಬಿಡ್ಬೇಕು, ಅಷ್ಟೆ. ಎಲ್ಲರ ಮುಂದೆ ಹೇಳ್ತಿದೀನಿ."

ಹೇಳಿ, ಅರ್ಧ ಹೋಳಿಗೆಯನ್ನು ತಿನ್ನದೆ ಎಲೆಗೆ ಹಾಕಿದರು. ಜಯದೇವ ನಗುವುದನ್ನು ನಿಲ್ಲಿಸಿ, "ಆಯ್ತು, ಒಪ್ಪಿದೆ," ಎಂದ.

ಇನ್ನು ಶಸ್ತ್ರಸಂಗ್ರಹಕಾಂಡ. ಲಷ್ಕರ್ ಮೊಹಲ್ಲಾದಲ್ಲಿ ಮಸ್ತಾನ್ ಸಾಬರ ಗ್ಯಾರೇಜಿದೆ. ಕಿವಿಯಿಟ್ಟು ಕೇಳಿದರೆ ಸಾಕು, ಎಂಜಿನ್ನಿನ ಕಾಯಿಲೆ ಹೇಳುವ ಧನ್ವಂತರಿ ಆತ. ಅಲ್ಲಿಗೆ ಕಡಲಾಚೆಯಿಂದ ಪೆಟ್ಟಿಗೆಗಳು ಬಂದಿಳಿದವು. ಅವುಗಳೊಳಗಿನಿಂದ ಚಂದ್ರಮಂಡಲಸಮಾನವಾದ, ಊಟದ ತಟ್ಟೆಗಿಂತ ಅಗಲವಾದ, ಮೈತುಂಬ ಗೀರುಗಳಿದ್ದ ನಾಲ್ಕು ಡಿಸ್ಕುಗಳೂ, ಅವುಗಳನ್ನು ಎರಡೂ ಕಡೆಯಿಂದ ಅವುಕಿ ಹಿಡಿಯುವ ಕೆಂಪು ಕ್ಯಾಲಿಪರುಗಳೂ, ಡಿಸ್ಕಿಗೆ ಉಜ್ಜಿ ಕಾರನ್ನು ತಡೆಯುವ, ಎಂಥ ಕಾವಿಗೂ ಬೆದರದ ಪ್ಯಾಡುಗಳೂ, ಸುಲಭಕ್ಕೆ ಕುದಿಯದ ಬ್ರೇಕ್ ಆಯಿಲ್ಲೂ ಹೊರಬಂದವು. ಅರಸರು ಒಂದೊಂದನ್ನೂ ಹಸುಗೂಸಿನಂತೆ ಎತ್ತಿಕೊಂಡು ನೋಡಿದರು.

"ಹಳೇ ಬ್ರೇಕ್ ಸೆಟ್ಟು ಮೂಟೆ ಕಟ್ಟಿ ಇಟ್ಟಿರ್ತೀನಿ ಡಾಕ್ಟ್ರೇ. ಯಾವತ್ತಾದ್ರೂ ಬೇಕಾಗತ್ತೆ," ಎಂದರು ಮಸ್ತಾನ್ ಸಾಬರು.

"ಗುಜರಿಗೆ ಹಾಕಿ! ನನ್ನ ಮಾನ ಕಳೆದ ಕಬ್ಬಿಣ ಅದು. ಅದರ ಮುಖ ನೋಡಲ್ಲ ನಾನು." ಆ ದಿನ ಸಂಜೆಯೇ ಗುಜರಿಯವನು ಬಂದು ತೂಕ ಹಾಕಿಕೊಂಡು ಹೋದ.

ಬ್ರೇಕಿನ ನಾಳದಿಂದ ಗಾಳಿ ತೆಗೆಯುವ ಕೆಲಸಕ್ಕೆ ಇಬ್ಬರು ಬೇಕು. ಒಬ್ಬರು ಪೆಡಲ್ ಒತ್ತಬೇಕು, ಇನ್ನೊಬ್ಬರು ಕೆಳಗೆ ಮಲಗಿ ತಿರುಪು ಸಡಿಲಿಸಬೇಕು. ಒತ್ತುವ ಗೌರವವನ್ನು ಅರಸರು ಬೇರೆಯವರಿಗೆ ಬಿಡಲಿಲ್ಲ. "ಒತ್ತಿ," ಎಂದಿತು ಪಾತಾಳದಿಂದ ದನಿ. ಒತ್ತಿದರು. "ಹಿಡೀರಿ." ಹಿಡಿದರು. "ಬಿಡಿ." ಬಿಟ್ಟರು. ಹೀಗೆ ಎರಡು ಗಂಟೆ ಕಾಲ ಆ ಘೋರತಪಸ್ಸು ನಡೆದು, ಅರಸರ ಬಲಗಾಲಿನ ಮೀನಖಂಡ ಕಲ್ಲಾಗಿ, ಅತ್ತ ಪೆಡಲ್ಲೂ ಕಲ್ಲಾಯಿತು. ಮಸ್ತಾನ್ ಸಾಬರು ರಿಂಗ್ ರಸ್ತೆಗೆ ಕರೆದೊಯ್ದು ಹತ್ತಾರು ಸಲ ನಿಲ್ಲಿಸಿ ತೋರಿಸಿದರು. ಕಾರು ನಿಂತ ರಭಸಕ್ಕೆ ಅರಸರ ಕನ್ನಡಕ ಮುಂದಿನ ಗಾಜಿಗೆ ಹಾರಿತು. ಅಷ್ಟು ಸಂತೋಷ ಅವರಿಗೆ ತಮ್ಮ ಮದುವೆಯಲ್ಲೂ ಆಗಿರಲಿಲ್ಲ.

"ಒಂದೇ ಮಾತು ಡಾಕ್ಟ್ರೇ," ಎಂದರು ಮಸ್ತಾನ್ ಸಾಬರು, ಕೈ ಒರೆಸಿಕೊಳ್ಳುತ್ತ. "ಡಿಸ್ಕು ಕೈಲಿ ಮುಟ್ಬೇಡಿ. ಕೈ ಜಿಡ್ಡೂ ಆಗಲ್ಲ ಅದಕ್ಕೆ."

"ಆಣೆಗೂ ಮುಟ್ಟಲ್ಲ."

ಬಂದಿತು ಆಯುಧಪೂಜೆ. ಅಂದು ಬೆಳಗ್ಗೆ ಅರಸರು ಕಾರಿಗೆ ಸ್ವಹಸ್ತದಿಂದ ಮಂಗಳಸ್ನಾನ ಮಾಡಿಸಿ, ಒಳಗೆ ಹೋಗಿ ಕಾಫಿ ಕುಡಿದು, ಪೇಪರ್ ಓದಿ, ಮರಳಿ ಬಂದು ನೋಡುತ್ತಾರೆ: ಚಕ್ರದ ಕಡ್ಡಿಗಳ ನಡುವಿನಿಂದ ಹೊಳೆಯುತ್ತಿದ್ದ ಡಿಸ್ಕಿನ ಮೇಲೆ ಸಣ್ಣಗೆ ತುಕ್ಕು! ಅಯ್ಯೋ ವಿಧಿಯೇ! ನೀರು ಬಿದ್ದ ಕಬ್ಬಿಣದ ಮೇಲೆ ಹಾಗೆ ತೆಳ್ಳಗೆ ಕೆಂಪೇಳುವುದು ಸಹಜ, ಒಂದು ಸಲ ಬ್ರೇಕ್ ಹಿಡಿದರೆ ತಾನೇ ಹೋಗುತ್ತದೆ. ಯಾವ ಮೆಕ್ಯಾನಿಕ್ಕನನ್ನು ಕೇಳಿದ್ದರೂ ಹೇಳುತ್ತಿದ್ದ. ಆದರೆ ಹುಳುಕನ್ನು ಕಂಡರೆ ಕೊರೆಯದೆ ಬಿಟ್ಟವರಲ್ಲ ನಮ್ಮ ವೀರರು. ಕ್ಲಿನಿಕ್ಕಿನಿಂದ ಬಾಯಿ ನೋಡುವ ಪುಟ್ಟ ಕನ್ನಡಿ ತಂದು, ಕಾರಿನ ಪಕ್ಕ ಮಂಡಿಯೂರಿ, ನಾಲ್ಕು ಡಿಸ್ಕುಗಳನ್ನೂ ಹಿಂದೆಮುಂದೆ ತಪಾಸಣೆ ಮಾಡಿ ನಿಟ್ಟುಸಿರುಬಿಟ್ಟರು.

ಅದೇ ಹೊತ್ತಿಗೆ ನಡುಮನೆಯಲ್ಲಿ ಪ್ರಮೀಳೆಯವರು ಮುತ್ತಾತನ ಕತ್ತಿಯನ್ನು ಪೂಜೆಗೆ ಇಳಿಸಿದ್ದರು. ಕಳೆದ ಎಂಬತ್ತು ವರ್ಷಗಳಲ್ಲಿ ಒಂದು ಕಲ್ಲಂಗಡಿಯನ್ನು ಬಿಟ್ಟರೆ ಬೇರೇನನ್ನೂ ಕಡಿಯದ ಆ ಖಡ್ಗಕ್ಕೆ ಆ ಮನೆಯ ಪದ್ಧತಿಯೊಂದಿದೆ. ವರ್ಷಕ್ಕೊಮ್ಮೆ ಒರೆಯಿಂದ ತೆಗೆದು, ತುಕ್ಕು ತಿನ್ನದ ಹಾಗೆ, ಮೆತ್ತಗಿನ ಬಟ್ಟೆಯಿಂದ ಕೊಬ್ಬರಿ ಎಣ್ಣೆ ಸವರಬೇಕು. ತಲೆತಲಾಂತರದಿಂದ ನಡೆದುಬಂದದ್ದು. ಎಣ್ಣೆಯ ಬಟ್ಟಲು ಅಲ್ಲೇ ಇತ್ತು, ಬಟ್ಟೆಯೂ ಇತ್ತು. ಅರಸರ ಕಣ್ಣು ಕತ್ತಿಯಿಂದ ಬಟ್ಟಲಿಗೂ, ಬಟ್ಟಲಿನಿಂದ ಬಾಗಿಲಾಚೆಯ ಕಾರಿಗೂ ಹೋಯಿತು.

"ಬಟ್ಟಲು ಎಲ್ಲಿಗೆ ತಗೊಂಡು ಹೋಗ್ತಿದೀರಿ?"

"ಆಯುಧಕ್ಕೆ ಕಣೇ."

ಕೊಟ್ಟ ಮಾತಿಗೆ ತಪ್ಪುವವರಲ್ಲ ಅವರು. ಡಿಸ್ಕನ್ನು ಕೈಯಿಂದ ಮುಟ್ಟಲೇ ಇಲ್ಲ, ಬಟ್ಟೆಯಿಂದಲೇ ಮುಟ್ಟಿದರು. ನಾಲ್ಕಕ್ಕೂ ಧಾರಾಳವಾಗಿ, ಒಂದಿಷ್ಟೂ ಬಿಡದ ಹಾಗೆ, ಭಕ್ತಿಯಿಂದ ಸವರಿದರು.

ಹನ್ನೊಂದು ಗಂಟೆಗೆ ನೆಂಟರು ನೆರೆದರು. ಜಯದೇವ ತನ್ನ ಬಿಳಿ ಕಾರನ್ನು ಗೇಟಿನಾಚೆ ನಿಲ್ಲಿಸಿ ಬಂದ. ಚೆಂಡುಹೂವಿನ ಹಾರ ಹೊತ್ತ ಕಾರು ಪೋರ್ಟಿಕೋದಲ್ಲಿ ನಿಂತಿತ್ತು. ಮುಂದಿನ ಎರಡು ಚಕ್ರಗಳ ಅಡಿಯಲ್ಲಿ ನಿಂಬೆಹಣ್ಣು, ಗೇಟಿನ ಬಳಿ ಕುಂಕುಮ ಬಳಿದು ತಲೆಯ ಮೇಲೆ ಕರ್ಪೂರ ಉರಿಯುತ್ತಿದ್ದ ಬೂದುಗುಂಬಳಕಾಯಿ. ನಡುವೆ ಇಳಿಜಾರಿನ ಮೂವತ್ತು ಅಡಿ ನೆಲ.

"ನೋಡ್ತಿರು ಜಯದೇವ," ಎಂದರು ಅರಸರು, ಸ್ಟೀರಿಂಗ್ ಹಿಡಿದು. "ನಿಂಬೆಹಣ್ಣು ದಾಟಿ ಕುಂಬಳಕಾಯಿಗೆ ಒಂದು ಗೇಣು ಇದೆ ಅನ್ನೋವಾಗ ನಿಲ್ಲಿಸ್ತೀನಿ. ಬ್ರೇಕ್ ಅಂದ್ರೆ ಏನು ಅಂತ ಇವತ್ತು ನೋಡು."

ಶಂಖವಿಲ್ಲದ ಕಾರಣ ಹಾರನ್ ಮೊಳಗಿತು. ನಿಂಬೆಹಣ್ಣುಗಳು ಪಚಕ್ಕೆಂದು ಪ್ರಾಣ ಬಿಟ್ಟವು. ರಥವು ಮಂದಗಮನದಿಂದ, ಹಾಲಿನ ಕ್ಯಾನಿನ ಸೈಕಲ್ಲಿಗಿಂತ ನಿಧಾನವಾಗಿ ಇಳಿಯತೊಡಗಿತು. ಒಂದು ಗೇಣು ಉಳಿದಾಗ, ತಪಸ್ಸಿನಿಂದ ಬಲಿತ ಆ ಬಲಗಾಲು ಪೆಡಲ್ಲನ್ನು ತುಳಿಯಿತು. ಪೆಡಲ್ಲು ಕಲ್ಲಿನಂತಿತ್ತು. ಕಾರು ನಿಲ್ಲಲಿಲ್ಲ. ಅರಸರು ಎರಡೂ ಕಾಲಿನಿಂದ ತುಳಿದರು, "ಚಾಮುಂಡೀ!" ಎಂದು ಕೂಗಿದರು, ಹ್ಯಾಂಡ್ ಬ್ರೇಕ್ ಒಂದಿದೆ ಎಂಬುದನ್ನು ಮರೆತರು. ಕಾರು ಸಾವಧಾನದಿಂದ ಕುಂಬಳಕಾಯಿಯನ್ನು ಒಡೆದು, ಗೇಟು ದಾಟಿ, ಬಿಳಿ ಕಾರಿನ ಹಿಂಬದಿಗೆ ಮೂತಿಯೊತ್ತಿ, ಟಪ್ಪೆಂದು ನಿಂತಿತು.

ಆಗ ಕಾರಿನ ಹೊಟ್ಟೆಯ ಕೆಳಗಿನಿಂದ, ಸಿಕ್ಕಿಬಿದ್ದ ಕರ್ಪೂರದಿಂದ, ಕಪ್ಪಗೆ ನೇರವಾಗಿ ಒಂದು ಎಳೆ ಹೊಗೆ ಮೇಲೆದ್ದಿತು.

ಮಕ್ಕಳು ಏನೆಂದು ಕಿರುಚಿದವು ಎಂಬುದನ್ನು ನಾನು ಹೇಳಬೇಕಾಗಿಲ್ಲ.

ಮಸ್ತಾನ್ ಸಾಬರು ಸ್ಕೂಟರಿನಲ್ಲಿ ಬಂದರು. ಚಕ್ರದ ಬಳಿ ಕುಳಿತು ಮೂಸಿದರು.

"ಕೊಬ್ಬರಿ ಎಣ್ಣೆ," ಎಂದರು.

"ಪದ್ಧತಿ..." ಎಂದರು ಅರಸರು.

"ಕತ್ತಿ ಒರೇಲಿ ಮಲಗಿರತ್ತೆ ಡಾಕ್ಟ್ರೇ, ಎಣ್ಣೆ ಹಾಕ್ಬಹುದು. ಇದು ಗಟ್ಟಿಯಾಗಿ ಹಿಡೀಬೇಕಲ್ವಾ? ಡಿಸ್ಕು ತೊಳೀತೀನಿ. ಪ್ಯಾಡು ಎಣ್ಣೆ ಕುಡಿದಿದೆ, ಟ್ರ್ಯಾಕಿಗೆ ನಂಬೋಕಾಗಲ್ಲ. ಹೊಸದು ಬರೋಕೆ ಮೂರು ವಾರ."

"ಹಳೇ ಸೆಟ್ಟು?"

ಮಸ್ತಾನ್ ಸಾಬರು ಆಕಾಶ ನೋಡಿದರು. ಅಷ್ಟರಲ್ಲಿ ಜಯದೇವ ತನ್ನ ಕಾರಿನ ಡಿಕ್ಕಿ ತೆಗೆದು ಹಳದಿ ನೈಲಾನ್ ಹಗ್ಗ ಹಿಡಿದುಕೊಂಡು ಬಂದ.

"ಒಳಗಿಡಿ ಸಾರ್ ಅದನ್ನ," ಎಂದರು ಸಾಬರು. "ಎಳೆಯೋಕೆ ನೀವಿದೀರಿ. ನಿಲ್ಲಿಸೋರ್ಯಾರು?"

ಗಾಥೆ ಇಲ್ಲಿಗೆ ಮುಗಿಯಬೇಕಿತ್ತು. ಇದನ್ನು ಕೇಳಿದವರಿಗೆ ಆಯುರಾರೋಗ್ಯಗಳು ಬರುತ್ತವೋ ಇಲ್ಲವೋ ಗೊತ್ತಿಲ್ಲ, ಡಿಸ್ಕಿಗೆ ಎಣ್ಣೆ ಹಚ್ಚಬಾರದೆಂಬ ಜ್ಞಾನವಂತೂ ಬರುತ್ತದೆ ಎಂದು ಹೇಳಿ ಎದ್ದುಹೋಗೋಣವೆಂದಿದ್ದೆ. ಆದರೆ ಭಾನುವಾರ ಇನ್ನೂ ಉಳಿದಿತ್ತು, ಟ್ರ್ಯಾಕಿಗೆ ಶುಲ್ಕವೂ ಕಟ್ಟಿಯಾಗಿತ್ತು. ಅರಸರು ಎರಡು ದಿನ ಕೋಣೆಯಿಂದ ಹೊರಬರಲಿಲ್ಲ. ಶನಿವಾರ ಸಂಜೆ ಜಯದೇವ ಬಂದು ಬಾಗಿಲ ಬಳಿ ನಿಂತ.

"ನನ್ನ ಕಾರಲ್ಲೇ ಹೋಗೋಣ ಬನ್ನಿ. ಓಡಿಸೋದು ನಾನು, ದಾರಿ ಹೇಳೋದು ನೀವು."

ಹೋದರು. ಸಿಂಹಮುಖಾಂಕಿತ ಕೆಂಪು ಹೆಲ್ಮೆಟ್ ಧರಿಸಿ, ಸಂತೆಯ ಕೊತ್ತಂಬರಿಯ ವಾಸನೆಯಿದ್ದ ಆ ಪುಟ್ಟ ಕಾರಿನ ಎಡಗಡೆಯ ಸೀಟಿನಲ್ಲಿ ಅರಸರು ಆಸೀನರಾದರು. ಬೇರೆಯವರ ಕಾರುಗಳು ಸುಂಯ್ ಸುಂಯ್ ಎಂದು ಪಕ್ಕದಲ್ಲೇ ಹಾದುಹೋದವು. ಬಂದಿತು ಐದನೆಯ ತಿರುವು! ಅರಸರ ದವಡೆ ಬಿಗಿಯಿತು, ಉಸಿರು ನಿಂತಿತು, ಎರಡು ಗಂಟೆಯ ತಪಸ್ಸು ಮಾಡಿದ ಆ ಬಲಗಾಲು ಸಕಲ ಪೌರುಷವನ್ನೂ ಕೂಡಿಸಿಕೊಂಡು ಕೆಳಕ್ಕೆ ಅಪ್ಪಳಿಸಿತು. ಕಾರು ಅಚ್ಚುಕಟ್ಟಾಗಿ ವೇಗ ತಗ್ಗಿಸಿ ತಿರುಗಿತು. ಹೊಗೆ ಬರಲಿಲ್ಲ.

ಜಯದೇವ ಓರೆಗಣ್ಣಿನಿಂದ ಕೆಳಗೆ ನೋಡಿದ.

"ಭಾವ," ಎಂದ. ವರ್ಷವಾದ ಮೇಲೆ, ಮುಂದೇನೂ ಹಿಂದೇನೂ ಸೇರಿಸದೆ, ಬರೀ ಭಾವ ಎಂದ. "ಕಾಲು ಸ್ವಲ್ಪ ತೆಗೀರಿ. ಮ್ಯಾಟು ತೂತಾಗತ್ತೆ."

ಅರಸರು ಕಾಲು ತೆಗೆದರು.