ಬಂದೂಕಿಗೆ ಕೊಬ್ಬರಿ ಎಣ್ಣೆ

ಸ್ಪ್ರಿಂಗಿನ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ ಎಂದು ಬಹಳ ವರ್ಷ ನಂಬಿಕೊಂಡಿದ್ದೆ. ಕಿರವತ್ತಿಯಲ್ಲಿ ನನ್ನದೊಂದು ಪುಸ್ತಕ, ಪೆನ್ನಿನ ಅಂಗಡಿ. ಬಾಲ್ ಪೆನ್ನಿನ ಸ್ಪ್ರಿಂಗು, ಸ್ಟೇಪ್ಲರಿನ ಸ್ಪ್ರಿಂಗು, ಕೊಡೆಯ ಸ್ಪ್ರಿಂಗು, ಎಲ್ಲವೂ ನನ್ನ ಕೈಯಲ್ಲಿ ಸರಿಹೋಗಿವೆ. ಸರಿಹೋಗದವನ್ನು ಗಿರಾಕಿಗಳು ಮರ್ಯಾದೆಯಿಂದ ಬೇರೆ ಅಂಗಡಿಗೆ ಒಯ್ದಿದ್ದಾರೆ. ಹೀಗಾಗಿ ಮಾವನವರ ಬಂದೂಕಿಗೆ ಎಣ್ಣೆ ಹಾಕುವ ಕೆಲಸ ಬಂದಾಗ ನಾನು ಹೆದರಲಿಲ್ಲ. ಹೆದರಬೇಕಿತ್ತು!

ಮಾವ ಮಿಲಿಟರಿಯಲ್ಲಿದ್ದವರು. ಅತ್ತೆ ತೀರಿಕೊಂಡ ಮೇಲೆ ನಮ್ಮ ಮನೆಗೇ ಬಂದರು. ಜೊತೆಗೆ ಬಂದದ್ದು ಒಂದು ಟ್ರಂಕು, ಒಂದು ಬಂದೂಕು. ಅದು ಹಳೆಯ ಕಾಲದ ಸೈನ್ಯದ ಬಂದೂಕು. ಸೈನ್ಯ ಬೇಡವೆಂದು ಬಿಟ್ಟ ಮೇಲೆ ನಳಿಗೆ ಬದಲಿಸಿದ್ದನ್ನು, ಕಾಡುಹಂದಿ ಓಡಿಸಲು ಬೆಳೆ ರಕ್ಷಣೆಯ ಲೈಸೆನ್ಸಿನ ಮೇಲೆ ಕೊಂಡಿದ್ದರು. ದಿನಾ ಸಂಜೆ, ಹಿಂಬದಿಯ ಅಗುಳಿಯಂಥ ಬೋಲ್ಟು ಎಳೆದು, ಒಳಗೆ ಗುಂಡಿಲ್ಲವೆಂದು ಬೆರಳು ಹಾಕಿ ನೋಡಿ, ಮುಂದೆ ತಳ್ಳಿ, ಟ್ರಿಗರ್ ಒತ್ತುತ್ತಿದ್ದರು. ಬಿಗಿದ ಸ್ಪ್ರಿಂಗು ಬಿಚ್ಚಿಕೊಂಡು ಗುಂಡಿಗೆ ಬಡಿಯುವ ಪಿನ್ನನ್ನು ಮುಂದಕ್ಕೆ ದೂಡಿ 'ಟಕ್' ಎನ್ನುತ್ತಿತ್ತು.

"ಸ್ಪ್ರಿಂಗಿನ ಜೀವ ಅದರ ಸಪ್ಪಳದಾಗ ಐತ್ರಿ ಅಳಿಯಂದ್ರ," ಎನ್ನುತ್ತಿದ್ದರು. "ಬಿಗದಿಟ್ಟು ಮಲಗಿದ್ರ ಅದು ಸೋಲತೈತಿ."

ಸಕ್ಕರೆ ಕಾಯಿಲೆ ಮಾವನ ಎರಡೂ ಕಣ್ಣು ತಿಂದಿತು. ಕಣ್ಣಿಲ್ಲದವರಿಗೆ ಲೈಸೆನ್ಸು ಎಲ್ಲಿಂದ ಬರಬೇಕು? ಬಂದೂಕನ್ನು ಠಾಣೆಗೆ ಒಪ್ಪಿಸಿ ಎಂದು ಕಾಗದ ಬಂತು. ಎರಡು ದಿನ ಅವರು ಸರಿಯಾಗಿ ಉಣ್ಣಲಿಲ್ಲ. ಮೂರನೆಯ ದಿನ ನನ್ನ ಕೈ ಹಿಡಿದುಕೊಂಡರು.

"ರಸೀದಿಯೊಳಗ 'ಸುಸ್ಥಿತಿಯಲ್ಲಿದೆ' ಅಂತ ಬರಸ್ರಿ. ಅಷ್ಟ ಸಾಕು ನನಗ. ಸಿಪಾಯಿ ಕೆಟ್ಟ ಬಂದೂಕ ಒಪ್ಪಿಸಿದ್ರ ಅವನ ಮಾನ ಹೋದಂಗ. ಯಲ್ಲಾಪುರದಿಂದ ಒಂದು ಬಾಟ್ಲಿ ಮಶಿನ್ ಎಣ್ಣಿ ತರ್ರಿ, ಮರೀಬ್ಯಾಡ್ರಿ."

ಮರೆತೆ! ಒಪ್ಪಿಸುವ ಹಿಂದಿನ ಸಂಜೆ ನೆನಪಾಯಿತು. ಸದ್ದಿಲ್ಲದೆ ಬಚ್ಚಲ ಗೂಡಿನಿಂದ ಕೊಬ್ಬರಿ ಎಣ್ಣೆಯ ಬಾಟಲಿ ತಂದು ಬೋಲ್ಟಿನೊಳಗೆ ಧಾರಾಳವಾಗಿ ಸುರಿದೆ. ಹೆಂಡತಿ ಸರೋಜಾ ಬಾಗಿಲಲ್ಲೇ ಹಿಡಿದಳು.

"ರೀ, ಅದು ನಾ ತಲಿಗೆ ಹಚ್ಚೂ ಎಣ್ಣಿ!"

"ಎಣ್ಣಿ ಅಂದ್ರ ಎಣ್ಣಿ. ಸ್ಪ್ರಿಂಗಿಗೆ ಏನ್ ತಿಳೀತೈತಿ? ಮೆಲ್ಲಕ ಮಾತಾಡು, ಮಾವಾರು ಕೇಳ್ಯಾರು."

ಮರುದಿನ ಮೈ ಕೊರೆಯುವ ಚಳಿ. ಬೆಳಿಗ್ಗೆ ಸರೋಜಾ ಅದೇ ಬಾಟಲಿಯನ್ನು ಬಿಸಿನೀರಿನ ತಂಬಿಗೆಯಲ್ಲಿ ಅದ್ದಿಕೊಂಡು ಕೂತಿದ್ದಳು. ಒಳಗಿನ ಎಣ್ಣೆ ಹೆಪ್ಪುಗಟ್ಟಿ ಬೆಳ್ಳಗಾಗಿತ್ತು. ಇದನ್ನು ನಾನು ಕಣ್ಣಾರೆ ಕಂಡೆ. ಕಂಡು, ಚಹಾ ಕುಡಿದೆ. ತಲೆ ಓಡಲಿಲ್ಲ!

ಮಾವ ಇಸ್ತ್ರಿ ಮಾಡಿದ ಕೋಟು ತೊಟ್ಟು, ಎರಡು ಪದಕ ಸಿಕ್ಕಿಸಿಕೊಂಡು ಆಟೋ ಹತ್ತಿದರು. ದಾರಿಯುದ್ದಕ್ಕೂ ಥಂಡಿ ಗಾಳಿ ಬಂದೂಕಿನ ಕಬ್ಬಿಣಕ್ಕೆ ಬಡಿಯುತ್ತಿತ್ತು. ಠಾಣೆಯ ರೈಟರ್ ಸಾಹೇಬರು ಆಗತಾನೆ ಬಂದ ಚಹಾದ ಗ್ಲಾಸನ್ನು ಬದಿಗಿಟ್ಟು ದಪ್ಪ ರಿಜಿಸ್ಟರು ತೆರೆದರು.

"ನಡೀತೈತೇನ್ರಿ ಅಜ್ಜಾರ ಇದು?"

"ಕೇಳ್ರಿ ಸಾಹೇಬ್ರ," ಎಂದು ಮಾವ ನೆಟ್ಟಗೆ ನಿಂತರು. ಬೋಲ್ಟು ಎಳೆದರು. ಒಂದು ಕ್ಷಣ ತಡೆದು, ಮುಂದೆ ತಳ್ಳಿ, ಟ್ರಿಗರ್ ಒತ್ತಿದರು.

'ಪುಸ್.'

ಇನ್ನೊಮ್ಮೆ ಎಳೆದು, ತಳ್ಳಿ, ಒತ್ತಿದರು. ಈ ಸಲ ಅದೂ ಇಲ್ಲ! ಪಿನ್ನು ನಡುದಾರಿಯಲ್ಲೇ ನಿಂತಿತು. ಮೂಲೆಯಲ್ಲಿದ್ದ ಪೇದೆಯೊಬ್ಬ ಕಿಸಕ್ಕೆಂದ.

ಅಲ್ಲಿಗಾದರೂ ನಾನು ಸುಮ್ಮನಿರಬೇಕಿತ್ತು. ಇರಲಿಲ್ಲ. "ಒಂದ್ ನಿಮಿಷ, ನಾ ನೋಡ್ತೇನಿ," ಎಂದು ಬೋಲ್ಟು ಹೊರತೆಗೆದು, ಹಿಂದಿನ ತಿರುಪು ಬಿಚ್ಚಿದೆ. ಬಾಲ್ ಪೆನ್ನಿನ ಸ್ಪ್ರಿಂಗು ಹಾರಿದರೆ ಮೇಜಿನ ಕೆಳಗೆ ಬೀಳುತ್ತದೆ. ಮಿಲಿಟರಿ ಸ್ಪ್ರಿಂಗು ಸೂರಿಗೆ ಬಡಿದು, ರೈಟರ್ ಸಾಹೇಬರ ಚಹಾದಲ್ಲಿ ಬಿತ್ತು! ಚಹಾದ ಮೇಲೆ ಎಣ್ಣೆ ತೇಲಿತು.

"ಚಹಾಕ್ಕ ಒಗ್ಗರಣಿ ಹಾಕಾಕ ಬಂದೀರೇನ್ರಿ?" ಎಂದು ಸಾಹೇಬರು ಸಿಡುಕಿ, ರಿಜಿಸ್ಟರಿನಲ್ಲಿ ಬರೆದೇಬಿಟ್ಟರು: 'ನಿರುಪಯುಕ್ತ.'

ಎಣ್ಣೆ ಕಂಡಾಗ ನನಗೆ ಎಲ್ಲ ಹೊಳೆಯಿತು. ಬಂದೂಕು ನೆಟ್ಟಗಿದೆ, ಹತ್ತು ನಿಮಿಷ ಬಿಸಿಲಿಗಿಟ್ಟರೆ ಸಾಕು ಎಂದು ಬಾಯಿ ತೆರೆದೆ. ಠಾಣೆಯೆಲ್ಲ ನನ್ನನ್ನೇ ನೋಡುತ್ತಿತ್ತು. ಬಾಯಿ ಮುಚ್ಚಿದೆ. ನನ್ನಂಥ ಹೇಡಿ ತಾಲೂಕಿನಲ್ಲಿ ಇನ್ನೊಬ್ಬನಿರಲಿಕ್ಕಿಲ್ಲ.

"ತಪ್ಪು ನಂದ್ರಿ ಸಾಹೇಬ್ರ," ಎಂದರು ಮಾವ. "ಕಣ್ಣ ಹೋದ ಮ್ಯಾಲೆ ಬಂದೂಕ ಸರಿಯಾಗಿ ನೋಡ್ಕೊಳ್ಳಾಕ ಆಗಲಿಲ್ಲ." ಹೀಗೆಂದು ಕಪಾಟಿನ ಕಡೆ ತಿರುಗಿ ಸೆಲ್ಯೂಟ್ ಹೊಡೆದರು. ಸಾಹೇಬರು ಕೂತದ್ದು ಇನ್ನೊಂದು ಕಡೆಗೆ. ಆಗ ಯಾರೂ ನಗಲಿಲ್ಲ.

ಮನೆಗೆ ಬಂದು ಮಲಗಿದ ಮಾವ ಮತ್ತೆ ಸರಿಯಾಗಿ ಏಳಲೇ ಇಲ್ಲ. ಸಂಜೆಯಾದರೆ ಖಾಲಿ ಕೈ ಹೊದಿಕೆಯ ಮೇಲೆ ಏನನ್ನೋ ಎಳೆದು ತಳ್ಳುತ್ತಿತ್ತು. ನನಗೆ ತಡೆಯಲಾಗಲಿಲ್ಲ. ಒಂದು ದಿನ ಕಾಲ ಬಳಿ ಕೂತು ಬಾಯಿಬಿಟ್ಟೆ.

"ಮಾವಾರ, ತಪ್ಪು ನಿಮ್ಮದಲ್ರಿ. ನಾ ಕೊಬ್ಬರಿ ಎಣ್ಣಿ ಹಾಕಿದ್ದೆ."

"ಗೊತ್ತೈತ್ರಿ," ಎಂದರು ಮಾವ.

"ಅಂದ್ರ?"

"ಠಾಣೇದಾಗ ಬೋಲ್ಟ್ ಎಳದ ಕೂಡ್ಲೆ ವಾಸನಿ ಬಂತು. ಸಣ್ಣಾಕಿ ಇದ್ದಾಗ ರಜಾಕ್ಕ ಬಂದಾಗೆಲ್ಲ ಸರೋಜಿ ತಲಿಗೆ ನಾನ ಎಣ್ಣಿ ಹಚ್ಚೀನಿ. ತಿಳಿಯಂಗಿಲ್ಲೇನ್ರಿ?"

"ಮತ್ತ ಅಲ್ಲೇ ಯಾಕ ಹೇಳಲಿಲ್ರಿ?"

"ನನಗೇನು, ಹೋಗೂ ವಯಸ್ಸು. ನೀವು ಇದ ಊರಾಗ ಅಂಗಡಿ ನಡಸಾವ್ರು. ಅಳಿಯಂದ್ರ ಮಾನ ನಾಕು ಮಂದಿ ಮುಂದ ತಗೀಬಾರ್ದು ಅಂತ ಸುಮ್ನಾದೆ."

ನಾನು ಅತ್ತುಬಿಟ್ಟೆ. ಅವರು ತಡಕಾಡಿ ನನ್ನ ತಲೆ ಸವರಿದರು. ಅದೇ ವಾರ ತೀರಿಕೊಂಡರು.

ದಿನಕರ್ಮ ಮುಗಿದ ಮೇಲೆ ನಾನು ಠಾಣೆಗೆ ಹೋದೆ. ನನ್ನನ್ನು ಕಂಡ ಕೂಡಲೇ ರೈಟರ್ ಸಾಹೇಬರು ಚಹಾದ ಗ್ಲಾಸನ್ನು ಮೇಜಿನ ಆ ತುದಿಗೆ ಸರಿಸಿದರು. ರಿಜಿಸ್ಟರು ತಿದ್ದಬೇಕೆಂದು ಕೈಮುಗಿದೆ.

"ಬರದದ್ದು ತಿದ್ದಾಕ ಬರಂಗಿಲ್ರಿ. ಅಜ್ಜಾರೂ ಇಲ್ಲ, ಬಂದೂಕೂ ಇಲ್ಲಿಂದ ಹೋತು. ಬೇಕಂದ್ರ ಒಂದು ಅರ್ಜಿ ಕೊಡ್ರಿ, ಫೈಲಿಗೆ ಹಚ್ಚತೇನಿ."

ಅಲ್ಲೇ ನಿಂತು ಬರೆದುಕೊಟ್ಟೆ: 'ಸದರಿ ಬಂದೂಕು ಸುಸ್ಥಿತಿಯಲ್ಲಿತ್ತು. ನಿರುಪಯುಕ್ತವಾಗಿದ್ದುದು ಅಳಿಯ.'

ಸಾಹೇಬರು ಎರಡು ಸಲ ಓದಿ, ನನ್ನ ಮುಖ ನೋಡಿ, ಒಂದಕ್ಷರವನ್ನೂ ಪ್ರಶ್ನಿಸದೆ ಸೀಲು ಹೊಡೆದರು.